ಹಣ ಎಣಿಸಿಕೊಂಡ ಮೇಲೆ ಪಾವತಿ ಕೊಡಬೇಕು

ಅಡತಿ ಅಂಗಡಿಗೆ ಮಾಲು ಹಾಕಿದ ರೈತನಿಗೆ ಪಟ್ಟಿ ಬೇಕು. ಜಮೀನಿನ ಕಂದಾಯ ಕಟ್ಟಿದವನಿಗೆ ಪಾವತಿ ಬೇಕು. ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾತಬಾರಾ ಉತಾರ ಇಲ್ಲದೆ ಸೊಸೈಟಿಯ ಸಾಲ ಹುಟ್ಟೋದಿಲ್ಲ. ಕಾಗದ ಇದ್ದವನ ಮಾತು ಕಚೇರಿಯಲ್ಲಿ ನಡೆಯುತ್ತದೆ, ಇಲ್ಲದವನು ಬಾಗಿಲಲ್ಲೇ ನಿಲ್ಲಬೇಕು. ಈ ಲೆಕ್ಕವನ್ನು ನಾವು ನಾಲ್ಕು ಜನರ ಮುಂದೆ ಹೆಸರೆತ್ತದ ಒಂದು ದುಡಿಮೆಗೂ, ಅಂದರೆ ಲೈಂಗಿಕ ವೃತ್ತಿಗೂ, ಹಚ್ಚಿ ನೋಡಬೇಕೆಂಬುದು ನನ್ನ ವಿನಂತಿ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಕೋರ್ಟಿನವರೆಗೂ ಹೋಯಿತು. ಲಂಡನ್ನಿನ ಲಿಂಡಿ ಸೇಂಟ್ ಕ್ಲೇರ್ ಎಂಬಾಕೆ ತನ್ನ ವೃತ್ತಿಗಾಗಿ ಕಂಪನಿ ನೋಂದಾಯಿಸಿದಾಗ, ಉದ್ದೇಶ ಅನೈತಿಕ ಎಂಬ ಕಾರಣಕ್ಕೆ 1980ರಲ್ಲಿ ಕೋರ್ಟು ಆ ನೋಂದಣಿ ರದ್ದು ಮಾಡಿತು. ಅದೇ ಸರ್ಕಾರದ ತೆರಿಗೆ ಇಲಾಖೆ ಅದೇ ಆದಾಯಕ್ಕೆ ತೆರಿಗೆ ಕೇಳಿತು. ನನ್ನ ಗಳಿಕೆಯಲ್ಲಿ ಪಾಲು ಕೇಳುವ ಸರ್ಕಾರವೂ ಇದರಿಂದಲೇ ಬದುಕಿದಂತಾಗಲಿಲ್ಲವೇ ಅಂತ ಆಕೆಯ ವಾದ. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇದೂ ವ್ಯಾಪಾರವೇ, ತೆರಿಗೆ ಕಟ್ಟಬೇಕು ಅಂದಿತು.

ಇವತ್ತು ಅಲ್ಲಿ ಸ್ವಂತವಾಗಿ ದುಡಿಯುವ ಎಸ್ಕಾರ್ಟಿಗೂ ಬಡಗಿಗೂ ತೆರಿಗೆಯ ನಿಯಮ ಒಂದೇ. ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ವ್ಯಾಪಾರದಿಂದ ಬಂದ ಹಣ 1,000 ಪೌಂಡ್ ದಾಟಿದ್ದರೆ ಅಕ್ಟೋಬರ್ 5ರೊಳಗೆ ಹೆಸರು ನೋಂದಾಯಿಸಬೇಕು. ವೃತ್ತಿಗಾಗಿಯೇ ಮಾಡಿದ ಖರ್ಚು ಕಳೆದು, ಜನವರಿ 31ರೊಳಗೆ ಲೆಕ್ಕ ಒಪ್ಪಿಸಿ ಹಣ ಕಟ್ಟಬೇಕು. ಹಾಗೆ ಕಟ್ಟಿದವಳ ಕೈಯಲ್ಲಿ ಆದಾಯಕ್ಕೆ ಒಂದು ದಾಖಲೆ ಉಳಿಯುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮ ಆದಾಯ ತೆರಿಗೆ ಕಾನೂನು ಕೂಡ ಗಳಿಕೆಯ ಜಾತಿ ಕೇಳುವುದಿಲ್ಲ. 1980ರ ಪಿಯಾರಾ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಳ್ಳಸಾಗಣೆಯನ್ನೇ ವ್ಯಾಪಾರವೆಂದು ಹಿಡಿದು ಲಾಭ-ನಷ್ಟ ಲೆಕ್ಕ ಹಾಕಿತ್ತು. ವಯಸ್ಕ ಹೆಂಗಸೊಬ್ಬಳು ತನ್ನಿಚ್ಛೆಯಿಂದ ಈ ವೃತ್ತಿ ಮಾಡುವುದು ನಮ್ಮಲ್ಲಿ ಅದಷ್ಟಕ್ಕೇ ಅಪರಾಧವಲ್ಲ. ಗಿರಾಕಿಯನ್ನು ಬೀದಿಯಲ್ಲಿ ಕರೆಯುವುದು, ಮನೆ ನಡೆಸುವುದು ಅಪರಾಧ. ಹಾಗಿದ್ದ ಮೇಲೆ ಆಕೆಯ ಆದಾಯಕ್ಕೂ ಲೆಕ್ಕ ಉಂಟು.

ಸಾಂಗ್ಲಿ, ಮಿರಜದ ಆ ಓಣಿಗಳಲ್ಲಿ ಕನ್ನಡ ಮಾತಾಡುವ ಹೆಣ್ಣುಮಕ್ಕಳಿದ್ದಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಹೋದವರು, ಕೆಲವರು ದೇವದಾಸಿ ಪದ್ಧತಿಗೆ ಬಲಿಯಾದವರು. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ಇಂಥ ದುಡಿಮೆಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. 4 ಲಕ್ಷ ದಾಟಿದರೆ ರಿಟರ್ನ್ ಮಾತ್ರ ಕೊಡಬೇಕು. ಅದಕ್ಕಿಂತ ಕಡಿಮೆ ಇದ್ದವರೂ ಬೇಕಾದರೆ ಕೊಡಬಹುದು. ತೆರಿಗೆ ಇಲ್ಲದ ಮೇಲೆ ಯಾಕೆ ಕೊಡಬೇಕು ಅಂತೀರಾ? ಮನೆ ಸಾಲಕ್ಕೆ, ಮಗಳ ಕಾಲೇಜು ಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳೋದೇ ಆ ಕಾಗದ. ಅದಿಲ್ಲದಿದ್ದರೆ ಉಳಿಯೋದು ಸಾವಕಾರನ ಬಡ್ಡಿ.

ಆದರೆ ಆಕೆ ಕಚೇರಿಯ ಮೆಟ್ಟಿಲು ಹತ್ತಲು ಅಂಜುತ್ತಾಳೆ, ಅಂಜಿಕೆಗೆ ಕಾರಣವೂ ಇದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಪ್ರಕಾರ, ಈ ಗಳಿಕೆಯಲ್ಲಿ ಗೊತ್ತಿದ್ದೂ ಬದುಕುವ 18 ವರ್ಷ ದಾಟಿದ ಯಾರೇ ಆದರೂ ಅಪರಾಧಿ. ಅಂದರೆ ತಾಯಿ ಕಳಿಸಿದ ಹಣದಲ್ಲಿ ಓದುವ 19ರ ಮಗನೂ ಕಾನೂನಿನ ಕಣ್ಣಿಗೆ ಬೀಳಬಹುದು. ಅದೇ ಹಣದಲ್ಲಿ ತೆರಿಗೆ ಪಡೆಯುವ ಸರ್ಕಾರಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ! ಇದು ಯಾವ ಊರಿನ ನ್ಯಾಯ?

ತೆರಿಗೆ ತಗೊಂಡರೆ ವೃತ್ತಿಗೆ ಮುದ್ರೆ ಒತ್ತಿದಂತೆ ಅಂತ ಕೆಲವರು ಹೇಳುತ್ತಾರೆ. ಹೆಂಡದ ಅಬಕಾರಿ ಹಣದಲ್ಲಿ ಶಾಲೆ, ರಸ್ತೆ ನಡೆಯುವಾಗ ನಾವು ಹಾಗೆ ಅಂದದ್ದುಂಟೇ? ಈ ಬದುಕು ಸಾಕು, ಒಂದು ಕಿರಾಣಿ ಅಂಗಡಿ ಇಡೋಣ ಅನ್ನುವ ಹೆಣ್ಣಿಗಂತೂ ಉಳಿತಾಯದ ದಾಖಲೆ ಎಲ್ಲರಿಗಿಂತ ಹೆಚ್ಚು ಬೇಕು.

ದಾರಿ ಪೂರ್ತಿ ಮುಚ್ಚಿಲ್ಲ. ಕೋಲ್ಕತಾದ ಸೋನಾಗಾಚಿಯಲ್ಲಿ 1995ರಿಂದ ಈ ಹೆಣ್ಣುಮಕ್ಕಳೇ ಉಷಾ ಎಂಬ ಸಹಕಾರಿ ಸಂಘ ಕಟ್ಟಿಕೊಂಡು ಹಣ ಉಳಿಸಿದ್ದಾರೆ. 2022ರ ಮೇ 19ರಂದು ಸುಪ್ರೀಂ ಕೋರ್ಟು, ವಿಳಾಸದ ದಾಖಲೆ ಇಲ್ಲದಿದ್ದರೂ ಇವರಿಗೆ ಆಧಾರ್ ಕೊಡಬೇಕು, ಕಾರ್ಡಿನಲ್ಲಿ ವೃತ್ತಿಯ ಗುರುತು ಇರಬಾರದು ಎಂದು ಆದೇಶಿಸಿತು. ತೆರಿಗೆ ಕಚೇರಿಯೂ ಬ್ಯಾಂಕೂ ಅದೇ ಗುಟ್ಟನ್ನು ಕಾಯಬೇಕು. ತಾಯಿಯ ಅನ್ನ ಉಂಡ ಮಕ್ಕಳನ್ನು ಅಪರಾಧಿಗಳನ್ನಾಗಿಸುವ ಮಾತನ್ನು ಸಂಸತ್ತು ಕಾಯ್ದೆಯಿಂದ ಕಿತ್ತುಹಾಕಬೇಕು. ಗಡಿಭಾಗದ ತೆರಿಗೆ ಸಲಹೆಗಾರರು, ಇಂಥ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಬಂದರೆ ಕನ್ನಡದಲ್ಲಿ ಮಾತಾಡಿಸಿ, ಕುರ್ಚಿ ಕೊಟ್ಟು, ಬೇರೆ ಗಿರಾಕಿಗೆ ತಗೊಳ್ಳುವಷ್ಟೇ ಶುಲ್ಕ ತಗೊಂಡು ಲೆಕ್ಕ ಬರೆದುಕೊಡಬೇಕು.

ಹಣ ಎಣಿಸಿಕೊಂಡವನು ಪಾವತಿ ಕೊಡದಿದ್ದರೆ ನಮ್ಮ ಪೇಟೆಯಲ್ಲಿ ಅವನನ್ನು ಏನಂತ ಕರೆಯುತ್ತಾರೋ ನಿಮಗೇ ಗೊತ್ತು. ಸರ್ಕಾರ ಆ ಹೆಸರು ತಗೋಬಾರದು.