ಕಂಪನಿ ಮಗನದು, ರುಜು ಅಪ್ಪನದು

ಡಿಗ್ರಿ ಮುಗಿಸಿದ ಮಗ ನೌಕರಿ ಬೇಡ, ಗೆಳೆಯನ ಜೊತೆ ಸೇರಿ ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯುತ್ತೇನೆ ಎಂದಾಗ ಮನೆಯವರು ಕೇಳುವುದು ಒಂದೇ ಪ್ರಶ್ನೆ: ಮುಳುಗಿದರೆ ಗತಿಯೇನು? ‘ಲಿಮಿಟೆಡ್ ಅಂದಮೇಲೆ ಸಾಲಗಾರರು ಮನೆ ಬಾಗಿಲಿಗೆ ಬರುವಂತಿಲ್ಲಪ್ಪಾ’ ಎನ್ನುತ್ತಾನೆ ಮಗ. ಅವನ ಮಾತು ಮುಕ್ಕಾಲು ಪಾಲು ನಿಜ.

ಲಂಡನ್ನಿನಲ್ಲಿ ಆರನ್ ಸಾಲೊಮನ್ ಎಂಬ ಬೂಟು ತಯಾರಕನಿದ್ದ. 1892ರಲ್ಲಿ ತನ್ನ ವ್ಯಾಪಾರವನ್ನು ಕಂಪನಿಯಾಗಿ ಮಾರ್ಪಡಿಸಿದ. 20,007 ಷೇರುಗಳಲ್ಲಿ ಮನೆಯ ಆರು ಮಂದಿಗೆ ಒಂದೊಂದು, ಮಿಕ್ಕದ್ದೆಲ್ಲ ಅವನದೇ. ಕಂಪನಿ ಮುಳುಗಿತು, ಸಾಲಕ್ಕೆ ಅವನನ್ನೇ ಹೊಣೆ ಮಾಡಬೇಕೆಂಬ ವಾದ ಎದ್ದಿತು. 1896ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಕಂಪನಿಯೇ ಬೇರೆ, ಸಾಲೊಮನ್ನನೇ ಬೇರೆ ಎಂದು ತೀರ್ಪಿತ್ತಿತು. ನಮ್ಮ ಕಂಪನಿ ಕಾಯ್ದೆಯೂ ಇದೇ ತತ್ವದ ಮೇಲೆ ನಿಂತಿದೆ. 1932ರ ಕಾಯ್ದೆಯ ಸಾಮಾನ್ಯ ಪಾಲುದಾರಿಕೆಯಲ್ಲಾದರೆ ಪಾಲುದಾರನ ಸ್ವಂತ ಆಸ್ತಿಯೂ ಸಾಲಕ್ಕೆ ಹೋಗಬಹುದು. ಕಂಪನಿಯಲ್ಲಿ ಹಾಗಲ್ಲ. ಹತ್ತು ಸಾವಿರ ರೂಪಾಯಿಯ ಷೇರು ಕೊಂಡು ಹಣ ಪೂರ್ತಿ ಕಟ್ಟಿದ್ದರೆ, ಷೇರುದಾರನಾಗಿ ಹೋಗುವುದು ಆ ಹತ್ತು ಸಾವಿರ ಮಾತ್ರ. ಮೋಸ ಮಾಡಿದ್ದರೆ ಮಾತು ಬೇರೆ.

ಇನ್ನು ಉಳಿದ ಕಾಲು ಪಾಲು. ಹೊಸ ಕಂಪನಿಗೆ ಸಾಲ ಕೊಡುವ ಮುನ್ನ ಬ್ಯಾಂಕು ಸಾಮಾನ್ಯವಾಗಿ ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತದೆ. ಕೆಲವೊಮ್ಮೆ ಅಪ್ಪನ ರುಜುವನ್ನೂ, ಮನೆಯ ಪತ್ರವನ್ನೂ. ರುಜು ಬಿದ್ದೊಡನೆ ‘ಲಿಮಿಟೆಡ್’ ಎಂಬ ಗೋಡೆಯಲ್ಲಿ ಬಾಗಿಲು ಕೊರೆದಂತಾಯಿತು. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮೊದಲು ಕಂಪನಿಯಿಂದ ವಸೂಲು ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವಂತಿಲ್ಲ. ಸುಪ್ರೀಂ ಕೋರ್ಟ್ 1968ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಸಣ್ಣ ಉದ್ಯಮಗಳಿಗೆ ಅಡಮಾನವಾಗಲಿ ಮೂರನೆಯವರ ಜಾಮೀನಾಗಲಿ ಇಲ್ಲದೆ ಸಾಲ ಸಿಗಲೆಂದೇ 2000ದಲ್ಲಿ ಸಾಲ ಖಾತರಿ ನಿಧಿ ಸ್ಥಾಪನೆಯಾಗಿದೆ. ರುಜು ಹಾಕುವ ಮೊದಲು, ಈ ಸಾಲ ಅದರಡಿ ಬರುವುದೇ ಎಂದು ಮ್ಯಾನೇಜರರನ್ನು ಕೇಳಿ. ಸಂಕೋಚಪಡುವಂಥದ್ದೇನೂ ಇಲ್ಲ.

ಮತ್ತೊಂದು ರುಜುವೂ ಇದೆ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಗೆಳೆಯ ಹಿಂದೆ ಸರಿದರೆ ‘ಹೆಸರಿಗೆ ಮಾತ್ರ ಇರಮ್ಮಾ’ ಎಂದು ತಾಯಿಯನ್ನು ಸೇರಿಸುತ್ತಾರೆ. ಕಾನೂನಿನಲ್ಲಿ ಹೆಸರಿಗಷ್ಟೇ ಇರುವ ನಿರ್ದೇಶಕರೆಂಬ ಜಾತಿಯಿಲ್ಲ. ಒಂದು ರೂಪಾಯಿ ವ್ಯಾಪಾರವಾಗದಿದ್ದರೂ ವರ್ಷವರ್ಷ ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಸಲ್ಲಿಸಬೇಕು. ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ. ಎರಡನ್ನೂ ಒಂದು ವರ್ಷ ಮರೆತರೆ 73,000. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು, ತಾಯಿಯೂ ಸೇರಿ. ಒಬ್ಬನೇ ಇರುವವನಿಗೆ 2013ರ ಕಾಯ್ದೆ ‘ಏಕವ್ಯಕ್ತಿ ಕಂಪನಿ’ಯ ದಾರಿ ತೆರೆದಿದೆ. ಅದರಲ್ಲಿ ತಾಯಿ ನಾಮಿನಿಯಾದರೆ ಸಾಕು, ನಿರ್ದೇಶಕಿಯಾಗಬೇಕಿಲ್ಲ.

ನೋಂದಣಿಯೇನೋ ಈಗ ಸುಲಭ. ಒಂದು ಲಕ್ಷ ರೂಪಾಯಿ ಕನಿಷ್ಠ ಬಂಡವಾಳದ ನಿಯಮ 2015ರಲ್ಲೇ ಹೋಯಿತು, ಅರ್ಜಿಯೂ ಕಂಪ್ಯೂಟರಿನಲ್ಲೇ. ಮುಚ್ಚುವುದು ಅಷ್ಟು ಸುಲಭವಲ್ಲ. ಬೋರ್ಡು ಇಳಿಸಿ ಬೀಗ ಹಾಕಿದ ಮಾತ್ರಕ್ಕೆ ಕಂಪನಿ ಸಾಯುವುದಿಲ್ಲ. ಬಾಕಿ ಲೆಕ್ಕಪತ್ರಗಳನ್ನು ಸಲ್ಲಿಸಿ, ಹೆಸರು ತೆಗೆಯಿರೆಂದು ಕಂಪನಿ ರಿಜಿಸ್ಟ್ರಾರರಿಗೆ ಅರ್ಜಿ ಹಾಕಬೇಕು.