ಪಂಚ್ ಸೆಟ್ ಬೇಡ, ಎರಡು ಅಳತೆ ಸಾಕು

ಸ್ಕೇಲ್ ಮಾಡೆಲ್ ಬಗ್ಗೆ ಬರೆದಾಗಲೆಲ್ಲ ಬರೋ ಪ್ರಶ್ನೆ ಒಂದೇ: "ಯಾವ ಪಂಚ್ ಸೆಟ್ ತಗೊಳ್ಳಲಿ?" ಗೊತ್ತಿಲ್ಲದವರಿಗೆ ಹೇಳೋದಾದರೆ, ತೆಳು ಪ್ಲಾಸ್ಟಿಕ್ ಹಾಳೆಯಿಂದ ಸಾಸಿವೆಗಿಂತ ಚಿಕ್ಕ ದುಂಡು ಬಿಲ್ಲೆ ಕತ್ತರಿಸೋ ಉಪಕರಣ ಇದು. ಆ ಬಿಲ್ಲೆಯೇ ಮಾಡೆಲ್‌ನಲ್ಲಿ ರಿವೆಟ್ ಆಗುತ್ತೆ, ಬೋಲ್ಟ್ ತಲೆ ಆಗುತ್ತೆ. ಹೊರದೇಶದ ಒಳ್ಳೆ ಸೆಟ್‌ಗೆ ಹಲವು ಸಾವಿರ ರೂಪಾಯಿ. ಅದರಲ್ಲಿ ಹತ್ತಾರು ಅಳತೆ ಇರುತ್ತೆ, ನೀವು ಬಳಸೋದು ಎರಡೋ ಮೂರೋ.

ಮೊದಲು ಲೆಕ್ಕ ಹಾಕಿ. ಮುಕ್ಕಾಲು ಇಂಚಿನ ರಿವೆಟ್‌ನ ತಲೆ ಸುಮಾರು 30 ಮಿ.ಮೀ. ಅಗಲ. 1:35 ಮಾಡೆಲ್‌ನಲ್ಲಿ ಅದು 0.86 ಮಿ.ಮೀ. 1:87ರಲ್ಲಿ 0.34 ಮಾತ್ರ. ಅಂದರೆ ನಿಮ್ಮ ಸ್ಕೇಲ್ ಯಾವುದು ಅಂತ ಗೊತ್ತಾದ ಕೂಡಲೇ ಅರ್ಧ ಸೆಟ್ ಬೇಡವಾಗುತ್ತೆ.

ನನಗೆ ಬೇಕಿದ್ದದ್ದು 0.86. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು. ಗ್ಲಾಕೋಮಾದಿಂದ ದೃಷ್ಟಿ ಹೆಚ್ಚೂಕಡಿಮೆ ಹೋಗಿದೆ, ವಾಪಸ್ ಬರಲ್ಲ. ಅವರಿಗಾಗಿ ಹಳೇ ಕಾಲದ ರಿವೆಟ್ ಹೊಡೆದ ಗೂಡ್ಸ್ ವ್ಯಾಗನ್ ಮಾಡ್ತಿದ್ದೀನಿ. ಬಣ್ಣದಲ್ಲಿ ಚುಕ್ಕಿ ಇಟ್ಟರೆ ನೋಡೋರ ಕಣ್ಣಿಗೆ ಸಾಕು, ಅಪ್ಪನ ಬೆರಳಿಗೆ ಸಾಕಾಗಲ್ಲ. ಮೊದಲ ಪಕ್ಕದ ಹಲಗೆ ಕೈಗೆ ಕೊಟ್ಟಾಗ ಸಾಲಿನ ಮೇಲೆ ಬೆರಳಾಡಿಸಿ, "ಬಾಗಿಲ ಕಡೆ ಎರಡು ಸಾಲು ಇರ್ತಾವಲೋ ತಮ್ಮಾ, ಹಾಕ್ತೀಯಿಲ್ಲೋ?" ಅಂದರು. ಕೆಲಸ ಡಬಲ್ ಆಯ್ತು!

ಉಪಕರಣ ಸಿಕ್ಕಿದ್ದು ಮೆಡಿಕಲ್ ಶಾಪ್‌ನಲ್ಲಿ. 18 ಗೇಜ್ ಇಂಜೆಕ್ಷನ್ ಸೂಜಿಯ ಒಳವ್ಯಾಸ ಸುಮಾರು 0.84 ಮಿ.ಮೀ., 23 ಗೇಜ್‌ನದ್ದು 0.34. ಮೇಲಿನ ಎರಡು ಲೆಕ್ಕಕ್ಕೂ ಹೇಳಿ ಮಾಡಿಸಿದ ಹಾಗಿದೆ. ಹೊಸ ಸೂಜಿಯನ್ನೇ ತಗೊಳ್ಳಿ. ಬಳಸಿದ್ದು ಮನೆಯೊಳಗೆ ಬರಲೇಬಾರದು. ಓರೆ ತುದಿಯನ್ನ ಸಾಣೆಕಲ್ಲಿನ ಮೇಲೆ ಉಜ್ಜಿ ಚಪ್ಪಟೆ ಮಾಡಿ. ಆಮೇಲೆ ಸೂಜಿಯನ್ನ ತಿರುಗಿಸ್ತಾ ಹೊರಗಿನಿಂದ ಮಾತ್ರ ಹರಿತ ಮಾಡಿ. ಒಳಗಿನಿಂದ ಉಜ್ಜಿದರೆ ಬಾಯಿ ಅಗಲವಾಗಿ ಬಿಲ್ಲೆಯ ಅಂಚು ಓರೆಯಾಗುತ್ತೆ. ಬಾಯಲ್ಲಿ ಉಳಿದ ಮುಳ್ಳನ್ನ ಗುಂಡುಸೂಜಿಯಿಂದ ತೆಗೀರಿ. ಕಟಿಂಗ್ ಮ್ಯಾಟ್ ಮೇಲೆ 0.13 ಮಿ.ಮೀ. ಹಾಳೆ ಇಟ್ಟು, ಒತ್ತಿ ತಿರುಗಿಸಿ. ಸುತ್ತಿಗೆ ಬೇಡ, ಸೂಜಿ ಬಗ್ಗುತ್ತೆ. ಒಳಗೆ ಸಿಕ್ಕಿಕೊಂಡ ಬಿಲ್ಲೆಯನ್ನ ಗಿಟಾರ್ ತಂತಿಯಿಂದ ಹಿಂದಿನಿಂದ ತಳ್ಳಿದರಾಯ್ತು. ರಬ್ಬರ್ ಮೇಲಿಟ್ಟು ಖಾಲಿ ಬಾಲ್‌ಪೆನ್ ತುದಿಯಿಂದ ಮೆಲ್ಲಗೆ ಒತ್ತಿದರೆ ರಿವೆಟ್ ತಲೆಯ ಗುಬ್ಬಿ ಆಕಾರ ಬರುತ್ತೆ. ಆಮೇಲೆ ಫ್ಯಾನ್ ಆಫ್ ಮಾಡಿ ಸ್ವಾಮಿ, ಒಂದು ಉಸಿರಿಗೆ ಅರ್ಧ ಗಂಟೆಯ ಕೆಲಸ ಹಾರಿಹೋಗುತ್ತೆ.

0.25 ಅಥವಾ ಅದಕ್ಕಿಂತ ದಪ್ಪ ಹಾಳೆಗೆ ಸೂಜಿ ಬೇಗ ಮೊಂಡಾಗುತ್ತೆ. ಅಲ್ಲಿ ಎರಡು ಪಟ್ಟಿಯ ಪಂಚ್ ವಾಸಿ. ಕೆಳಗೆ ಹಿತ್ತಾಳೆ ಪಟ್ಟಿ, ಮೇಲೆ ಪಾರದರ್ಶಕ ಅಕ್ರಿಲಿಕ್, ನಡುವೆ ಹಾಳೆ ತೂರುವಷ್ಟು ಸಂದು. ಎರಡನ್ನೂ ಬಿಗಿದು ಒಟ್ಟಿಗೇ ತೂತು ಕೊರೆಯಿರಿ. ಅದೇ ಡ್ರಿಲ್ ಬಿಟ್‌ನ ನುಣುಪಾದ ಹಿಂಭಾಗವೇ ನಿಮ್ಮ ಪಂಚ್. ತುದಿ ಚಪ್ಪಟೆ ಇರಬೇಕು ಅಷ್ಟೇ. ಎಸ್‌.ಪಿ. ರೋಡ್‌ನಲ್ಲಿ ಸಿಗೋ ಪಿಸಿಬಿ ಬಿಟ್ ಬೇಡ. ಎಷ್ಟೇ ಸಣ್ಣ ಬಿಟ್ ಆದರೂ ಅದರ ಹಿಂಭಾಗ 3 ಮಿ.ಮೀ.ಗಿಂತ ದಪ್ಪ ಇರುತ್ತೆ. ತೂತು ಸಡಿಲವಾದರೆ ಬಿಲ್ಲೆ ತಟ್ಟೆಯ ಹಾಗೆ ಬಗ್ಗಿ, ಅಂಚು ಜೂಲು ಜೂಲಾಗಿ ಬರುತ್ತೆ.

ಇಷ್ಟಾದರೂ ಸೆಟ್ ಬೇಕೇ ಅನ್ನೋರು ಇದ್ದೀರಿ, ಗೊತ್ತು. ಆರು ಮೂಲೆಯ ಬೋಲ್ಟ್ ತಲೆ ನೂರಾರು ಬೇಕಿದ್ದರೆ ಕೊಳ್ಳಿ. ಅದನ್ನ ಮನೇಲಿ ಮಾಡೋದು ಕಷ್ಟ. ಎಷ್ಟು ಪಂಚ್ ಇದೆ ಅಂತ ಎಣಿಸಬೇಡಿ, ಅತಿ ಸಣ್ಣದರ ಅಳತೆ ಎಷ್ಟು ಅಂತ ನೋಡಿ. ಮೊದಲು ಮುರಿಯೋದು ಅದೇ. ಅದೊಂದೇ ಬಿಡಿಯಾಗಿ ಸಿಗುತ್ತಾ ಅಂತ ಅಂಗಡಿಯವರನ್ನ ಕೇಳಿ. ಸಿಗಲ್ಲ ಅಂದರೆ ದುಡ್ಡು ಜೇಬಲ್ಲೇ ಇರಲಿ.