ಕರಿಗುಡ್ಡೆಗೆ ಬಿಳಿ ಬಳೆ

ಮಧುಗಿರಿಯಲ್ಲಿ ಕನ್ನಡಕದ ಅಂಗಡಿ ಇಟ್ಟು ಕೂತವನು ನಾನು. ಮೊನ್ನೆ ಕೊರಟಗೆರೆ ಕಡೆಯ ಅಜ್ಜಿಯೊಬ್ಬರು ಬಂದು, "ಎರಡು ಕಣ್ಣಿಗೂ ಪೊರೆ ಬಂದೈತೆ, ಕಣ್ಣಿನ ಶಿಬಿರದಾಗೆ ಆಪರೇಷನ್ ಬೇಡ ಅಂದ್ಬುಟ್ರು ಕಣಪ್ಪ" ಎಂದು ಅಳುಮುಖ ಮಾಡಿದರು. ಟಾರ್ಚ್ ಬಿಟ್ಟು ನೋಡಿದೆ. ಕರಿಗುಡ್ಡೆಯ ಅಂಚಿಗೆ ಬೂದುಬಿಳಿ ಬಳೆ ತೊಡಿಸಿದ ಹಾಗಿತ್ತು, ಅಷ್ಟೇ. ಪೊರೆ ಕೂರುವುದು ಪಾಪೆಯ ಹಿಂದಿನ ಮಸೂರದಲ್ಲಿ. ಇದು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾದ ಅಂಚಿನಲ್ಲಿ ವಯಸ್ಸಾದಂತೆ ನಿಲ್ಲುವ ಕೊಬ್ಬು. ದೃಷ್ಟಿಗೆ ಅಡ್ಡ ಬರುವುದಿಲ್ಲ, ತೆಗೆಸಬೇಕಾದ್ದೂ ಇಲ್ಲ. ಶಿಬಿರದವರು ಸರಿಯಾಗಿಯೇ ಹೇಳಿದ್ದರು. ಯಾಕೆ ಬೇಡ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಇದೇ ಬಳೆ ಶಿರಾದ ಲಾರಿ ಡ್ರೈವರ್ ಹುಡುಗನ ಕಣ್ಣಲ್ಲಿ ಕಂಡಾಗ ನಾನು ಸುಮ್ಮನಿರಲಿಲ್ಲ. ನಲವತ್ತರೊಳಗೆ ಬಳೆ ಬಿತ್ತೆಂದರೆ ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆ ಆಗಲೇಬೇಕು. ವಂಶದಲ್ಲೇ ಹರಿದು ಬಂದ ಕೊಬ್ಬಿನ ದೋಷವಿದ್ದರೆ ಹೃದಯಕ್ಕೆ ಅಪಾಯ. ಎಲ್ಲರಿಗೂ ಇರುತ್ತದೆಂದಲ್ಲ, ಆದರೆ ನೋಡದೆ ಗೊತ್ತಾಗುವುದು ಹೇಗೆ?

ನನ್ನನ್ನು ನಿಜಕ್ಕೂ ಕಾಡಿದ್ದು ಪಾವಗಡದ ಶೇಂಗಾ ಬೆಳೆಗಾರ. ಎರಡು ವರ್ಷದಲ್ಲಿ ಮೂರು ಕನ್ನಡಕ! ಪ್ರತಿ ಸಲವೂ ಕಾರ್ನಿಯಾದ ಅಸಮ ಬಾಗನ್ನು ಸರಿದೂಗಿಸುವ ಸಿಲಿಂಡರ್ ನಂಬರ್ ಏರುತ್ತಿತ್ತು. ನಾನೂ ಮೊದಲೆರಡು ಸಲ ಗಾಜು ಬದಲಿಸಿ ದುಡ್ಡು ಎಣಿಸಿಕೊಂಡವನೇ, ಒಪ್ಪಿಕೊಳ್ಳುತ್ತೇನೆ. ಮೂರನೆಯ ಸಲ ಕಣ್ಣಿನ ಡಾಕ್ಟರ ಬಳಿ ಕಳಿಸಿದೆ. ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಮೇಲಂಚಿನಲ್ಲಿ ಕಾರ್ನಿಯಾ ಸವೆದು ಕಾಲುವೆಯಂತಾಗಿತ್ತು. ಅದರೊಳಗೆ ಸಣ್ಣ ರಕ್ತನಾಳಗಳು, ಪಾಪೆ ಕಡೆಯ ಅಂಚಿಗೆ ಕೊಬ್ಬಿನ ಗೆರೆ. 1900ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯರ ಹೆಸರಿನಲ್ಲಿ ಟೆರಿಯನ್ ಕಾಯಿಲೆ ಎನ್ನುತ್ತಾರೆ. ಅಪರೂಪದ್ದು. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಹಾಗಾಗಿ ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ತೀರ ತೆಳುವಾದ ಮೇಲೆ ಜಾಲಿಮುಳ್ಳೋ ಎತ್ತಿನ ಕೊಂಬೋ ತಗುಲಿದರೆ ಒಡೆಯಬಹುದು. ಆಗ ದಾನಿಯ ಕಾರ್ನಿಯಾ ತಂದು ತೇಪೆ ಹಾಕಬೇಕು.

1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಪೊರೆಯ ಬೆನ್ನು ಹತ್ತಿದ್ದು ತಪ್ಪಲ್ಲ. ನಮ್ಮ ಹಳ್ಳಿಗಳಲ್ಲಿ ಕಣ್ಣು ಕಳೆದದ್ದು ಹೆಚ್ಚಾಗಿ ಅದೇ. ಆದರೆ ನಾನು ಕಂಡ ಶಿಬಿರಗಳಲ್ಲಿ 'ಆಪರೇಷನ್ ಬೇಕೋ, ಬೇಡವೋ' ಎಂಬಲ್ಲಿಗೆ ತಪಾಸಣೆ ಮುಗಿದುಬಿಡುತ್ತದೆ. ಬೇಡ ಅನ್ನಿಸಿಕೊಂಡವರ ಕರಿಗುಡ್ಡೆಯ ಅಂಚಿಗೂ ಒಂದು ನಿಮಿಷ ಕೊಡಿ. ನಂಬರ್ ಪದೇಪದೇ ಬದಲಾಗುವವರನ್ನು ಸ್ಲಿಟ್ ಲ್ಯಾಂಪಿಗೆ ಕೂರಿಸಿ. ಮತ್ತೆ, ಆ ಅಜ್ಜಿಯಂಥವರ ಚೀಟಿಯ ಮೇಲೆ ಕನ್ನಡದಲ್ಲೇ ಬರೆದುಕೊಡಿ: ಬಳೆ ಇದೆ, ಪೊರೆ ಇಲ್ಲ.